ಸಮಿತ್ತು ಹಿಡಿದು ಬಂದವರು

ದೇವರ ವಿಷಯದಲ್ಲಿ ಹೆಚ್ಚು ಪ್ರಶ್ನೆ ಕೇಳಬೇಡ ಎಂದು ಮನೆಯ ಹಿರಿಯರಿಂದ ಗದರಿಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಕೇಳಿದ ಮಗು ಅಧಿಕಪ್ರಸಂಗಿ ಎನಿಸಿಕೊಳ್ಳುತ್ತದೆ. ಬೆಳೆದ ಮೇಲೂ ಕೇಳುತ್ತಲೇ ಇದ್ದರೆ ನಾಸ್ತಿಕ ಎನಿಸಿಕೊಳ್ಳುತ್ತದೆ. ಇನ್ನೊಂದು ಕಡೆ, ಪ್ರಶ್ನೆ ಕೇಳುವುದೇ ದೊಡ್ಡಸ್ತಿಕೆ ಎಂದು ತಿಳಿದವರೂ ಇದ್ದಾರೆ. ಅವರಿಗೆ ಉತ್ತರ ಬೇಕಾಗಿಲ್ಲ, ಎದುರಿಗೆ ಕೂತವರು ತಬ್ಬಿಬ್ಬಾದರೆ ಸಾಕು. ಈ ಗದರಿಕೆ ಮತ್ತು ಈ ಗದ್ದಲದ ನಡುವೆ ಬಾಯಿ ಬಿಡಲಾಗದೆ ಕೂತಿರುವವರು ಬಹಳ ಜನ. ಅವರೊಳಗೆ ನಿಜವಾಗಿ ಒಂದು ಪ್ರಶ್ನೆ ಇದೆ. ದೇವರಿದ್ದಾನೆಯೇ, ನಾನು ಮಾಡುವ ಪೂಜೆ ಎಲ್ಲಿಗೆ ಸೇರುತ್ತದೆ, ಸತ್ತವರು ಏನಾಗುತ್ತಾರೆ, ನನ್ನ ಮತ ಹೇಳಿದ್ದೇ ಸತ್ಯವಾದರೆ ಪಕ್ಕದ ಮನೆಯವರ ಮತ ಏನು? ರಾತ್ರಿ ನಿದ್ದೆ ಬಾರದಾಗ ಇವು ಎದ್ದು ಬರುತ್ತವೆ. ಯಾರನ್ನು ಕೇಳುವುದು, ಹೇಗೆ ಕೇಳುವುದು ಎಂದು ತಿಳಿಯದೆ ಬೆಳಗಾಗುತ್ತದೆ. ಇವತ್ತಿನ ನನ್ನ ಮಾತು ಅವರಿಗಾಗಿ.

ನಮ್ಮ ದೇಶದ ಧರ್ಮಗ್ರಂಥಗಳನ್ನು ತೆರೆದು ನೋಡಿದರೆ ಪ್ರಶ್ನೆಗೆ ಸಿಕ್ಕಿರುವ ಮರ್ಯಾದೆ ಆಶ್ಚರ್ಯ ಹುಟ್ಟಿಸುತ್ತದೆ. ಕಠೋಪನಿಷತ್ತು ನಿಂತಿರುವುದು ಹುಡುಗನೊಬ್ಬ ಯಮನನ್ನು ಕೇಳಿದ ಪ್ರಶ್ನೆಯ ಮೇಲೆ. ಭಗವದ್ಗೀತೆ ಅರ್ಜುನನ ಸಂಶಯಗಳಿಂದ ಬೆಳೆಯಿತು. ಜೈನ ಪುರಾಣಗಳಲ್ಲಿ ಶ್ರೇಣಿಕ ಮಹಾರಾಜ ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಆ ಕೇಳುವಿಕೆಯಿಲ್ಲದೆ ಕಥೆಯೇ ಹೊರಡುವುದಿಲ್ಲ. ನ್ಯಾಯಶಾಸ್ತ್ರ ತಾನು ವಿಚಾರಿಸುವ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಸಂಶಯವನ್ನೂ ಸೇರಿಸಿಕೊಂಡಿದೆ. ಅದೇ ಶಾಸ್ತ್ರ ಮಾತುಕತೆಯಲ್ಲಿ ಮೂರು ಬಗೆ ಹೇಳಿತು. ಸತ್ಯ ತಿಳಿಯಲೆಂದು ನಡೆಸುವುದು ವಾದ, ಗೆಲ್ಲಲೆಂದು ನಡೆಸುವುದು ಜಲ್ಪ, ತನ್ನದೆಂಬ ಯಾವ ನಿಲುವೂ ಇಲ್ಲದೆ ಎದುರಾಳಿಯದನ್ನು ಕೆಡವಲೆಂದೇ ನಡೆಸುವುದು ವಿತಂಡ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಮೂರರಲ್ಲೂ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಒಂದೇ ವಾಕ್ಯ ಮೂವರ ಬಾಯಲ್ಲೂ ಬರಬಹುದು. ಹಾಗಾದರೆ ಒಂದು ಪ್ರಶ್ನೆ ಪ್ರಾಮಾಣಿಕವಾಗುವುದು ಯಾವಾಗ?

ಕೇಳುವವನು ಉತ್ತರಕ್ಕಾಗಿ ಏನನ್ನಾದರೂ ಬಿಟ್ಟುಕೊಡಲು ಸಿದ್ಧನಾಗಿದ್ದರೆ ಆ ಪ್ರಶ್ನೆ ಪ್ರಾಮಾಣಿಕ. ಇದು ನನ್ನ ತಿಳಿವಳಿಕೆ. ಬಿಟ್ಟುಕೊಡುವುದು ಸಮಯವಿರಬಹುದು, ಹೆಸರಿರಬಹುದು, ಇಷ್ಟು ದಿನ ನಂಬಿಕೊಂಡು ಬಂದ ಒಂದು ಮಾತಿರಬಹುದು. ಆದರೆ ಹೊಣೆಯೆಲ್ಲ ಕೇಳುವವನ ಮೇಲೇ ಇಲ್ಲ. ಹೇಳುವವನೂ ತನಗೆ ತಿಳಿಯದ್ದನ್ನು ತಿಳಿಯದು ಎನ್ನಲು ಸಿದ್ಧನಿರಬೇಕು. ಈ ಎರಡು ಸೇರಿದ ಕಡೆ ಧರ್ಮ ಬೆಳೆದಿದೆ, ಸೇರದ ಕಡೆ ಗುರುಗಳೂ ಶಿಷ್ಯರೂ ಪೀಠಗಳೂ ಇದ್ದು ಧರ್ಮ ಮಾತ್ರ ಒಣಗಿದೆ.

ಪ್ರಶ್ನೆಗೆ ನಮ್ಮ ಪರಂಪರೆ ಸದಾ ಬಾಗಿಲು ತೆರೆದಿತ್ತು ಎಂದು ಹೇಳಿಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿಯನ್ನು ನೆನೆಯಿರಿ. ವಿದೇಹದ ಜನಕ ಮಹಾರಾಜನ ಸಭೆ. ಎಲ್ಲರಿಗಿಂತ ಹೆಚ್ಚು ಬಲ್ಲವರು ಹೊಡೆದುಕೊಂಡು ಹೋಗಲಿ ಎಂದು ರಾಜ ಸಾವಿರ ಹಸುಗಳನ್ನು ನಿಲ್ಲಿಸಿದ್ದಾನೆ; ಒಂದೊಂದರ ಕೊಂಬುಗಳಿಗೂ ಹತ್ತು ಹತ್ತು ಪಾದ ಚಿನ್ನ ಕಟ್ಟಿದೆ. ಯಾಜ್ಞವಲ್ಕ್ಯರು ಯಾರನ್ನೂ ಕೇಳದೆ, ಹಸುಗಳನ್ನು ಹೊಡೆದುಕೊಂಡು ನಡಿ ಎಂದು ಶಿಷ್ಯನಿಗೆ ಹೇಳಿಬಿಡುತ್ತಾರೆ. ಸಭೆ ಸಿಟ್ಟಾಗುತ್ತದೆ, ಒಬ್ಬೊಬ್ಬರೇ ಎದ್ದು ಪ್ರಶ್ನೆ ಹಾಕುತ್ತಾರೆ. ಗಾರ್ಗಿಯ ಸರದಿ ಬಂದಾಗ ಅವಳು ಕೇಳುವುದು ತೀರ ಸರಳವಾಗಿ: ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದ್ದರೆ ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ? ಗಾಳಿಯಲ್ಲಿ. ಗಾಳಿ? ಅಂತರಿಕ್ಷದಲ್ಲಿ. ಹೀಗೆ ಸೂರ್ಯ, ಚಂದ್ರ, ನಕ್ಷತ್ರ, ಇಂದ್ರ, ಪ್ರಜಾಪತಿ ಎಂದು ಏರುತ್ತ ಏರುತ್ತ ಬ್ರಹ್ಮಲೋಕಕ್ಕೆ ಬಂದು, ಅದು ಯಾವುದರಲ್ಲಿ ಎಂದು ಕೇಳಿದಾಗ ಯಾಜ್ಞವಲ್ಕ್ಯರು ತಡೆಯುತ್ತಾರೆ. ಮಿತಿಮೀರಿ ಕೇಳಬೇಡ ಗಾರ್ಗಿ, ನಿನ್ನ ತಲೆ ಬಿದ್ದೀತು. ಗಾರ್ಗಿ ಸುಮ್ಮನಾದಳು ಎಂದು ಉಪನಿಷತ್ತು ಹೇಳುತ್ತದೆ.

ಈ ಭಾಗವನ್ನು ಓದುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಪ್ರಶ್ನೆ ಹೊರಟ ದಾರಿಯೇ ತಪ್ಪಾಗಿತ್ತು, ಎಲ್ಲಕ್ಕೂ ಆಧಾರವಾದದ್ದಕ್ಕೆ ಇನ್ನೊಂದು ಆಧಾರ ಹುಡುಕಬಾರದು ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೂ ಬೆದರಿಕೆ ಬೆದರಿಕೆಯೇ. ನನಗೆ ಹಿಡಿಸುವುದು ಗಾರ್ಗಿ ಮುಂದೆ ಮಾಡಿದ ಕೆಲಸ. ಇನ್ನೊಬ್ಬ ಋಷಿಯ ಸರದಿ ಮುಗಿಯುವವರೆಗೆ ಸುಮ್ಮನೆ ಕೂತಿದ್ದು ಅವಳು ಮತ್ತೆ ಏಳುತ್ತಾಳೆ. ಸಭೆಯ ಅನುಮತಿ ಪಡೆಯುತ್ತಾಳೆ. ಕಾಶಿಯದೋ ವಿದೇಹದ್ದೋ ವೀರನ ಮಗನೊಬ್ಬ ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಹಿಡಿದು ಎದುರು ನಿಲ್ಲುವಂತೆ ಎರಡು ಪ್ರಶ್ನೆ ಹಿಡಿದು ನಿಂತಿದ್ದೇನೆ, ಉತ್ತರ ಹೇಳಿ ಎನ್ನುತ್ತಾಳೆ. ಈ ಸಲ ಯಾಜ್ಞವಲ್ಕ್ಯರು ಬೆದರಿಸುವುದಿಲ್ಲ. ದಪ್ಪವೂ ಅಲ್ಲದ ಸಣ್ಣದೂ ಅಲ್ಲದ, ಉದ್ದವೂ ಅಲ್ಲದ ಗಿಡ್ಡವೂ ಅಲ್ಲದ ಅಕ್ಷರತತ್ತ್ವವನ್ನು ಕುರಿತು ಆ ಉಪನಿಷತ್ತಿನ ಅತ್ಯಂತ ಗಂಭೀರವಾದ ಮಾತುಗಳು ಅವರ ಬಾಯಿಂದ ಬರುವುದು ಆ ಹೊತ್ತಿನಲ್ಲಿ, ಒಮ್ಮೆ ಬಾಯಿ ಮುಚ್ಚಿಸಿಕೊಂಡ ಹೆಂಗಸಿನ ಎರಡನೆಯ ಪ್ರಶ್ನೆಗೆ ಉತ್ತರವಾಗಿ. ಉತ್ತರ ಕೇಳಿದ ಗಾರ್ಗಿ ಸಭೆಯತ್ತ ತಿರುಗಿ, ಇವರಿಗೆ ನಮಸ್ಕಾರ ಮಾಡಿ ಬಿಡುಗಡೆ ಪಡೆದರೆ ಅದೇ ದೊಡ್ಡದೆಂದು ತಿಳಿಯಿರಿ ಎಂದು ಹೇಳಿ ಕೂರುತ್ತಾಳೆ. ಸೋತೆ ಎಂಬ ಸಂಕೋಚ ಅವಳಿಗಿಲ್ಲ. ಉತ್ತರ ಸಿಕ್ಕಿತು, ಸಿಕ್ಕಿತೆಂದು ಒಪ್ಪಿಕೊಂಡಳು. ಅವಳ ನಂತರ ಎದ್ದ ಶಾಕಲ್ಯನಿಗೆ ಇದು ಆಗಲಿಲ್ಲ. ಕೇಳುತ್ತಲೇ ಹೋದ, ಕೊನೆಗೆ ತಲೆ ಬಿದ್ದದ್ದು ಅವನದು.

ನಮ್ಮ ಕನ್ನಡದ ನೆಲಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಶರಣರ ಮಾತುಕತೆಯನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯಾಗಿ ಜೋಡಿಸಿದರು. ಆಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣಾರ್ಯರು ಅದನ್ನೇ ಮತ್ತೆ ಮತ್ತೆ ಹೊಸದಾಗಿ ಕಟ್ಟಿದರು. ಬಿಡಿಬಿಡಿಯಾಗಿದ್ದ ವಚನಗಳನ್ನು ಆರಿಸಿ, ಒಬ್ಬರ ವಚನ ಪ್ರಶ್ನೆಯಾಗುವಂತೆ ಇನ್ನೊಬ್ಬರದು ಉತ್ತರವಾಗುವಂತೆ ಪೋಣಿಸಿದ ಕೃತಿ ಅದು. ಆದ್ದರಿಂದ ಕಲ್ಯಾಣದಲ್ಲಿ ಮಾತು ನಡೆದದ್ದು ಹೀಗೆಯೇ ಎಂದು ಆಣೆ ಮಾಡಿ ಹೇಳುವ ಹಾಗಿಲ್ಲ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಶರಣರು ಬದುಕಿದ ರೀತಿಯನ್ನು ಮುಂದಿನವರಿಗೆ ತಿಳಿಸಬೇಕಾದಾಗ ಈ ಸಂಪಾದಕರು ಉಪದೇಶದ ಗ್ರಂಥ ಬರೆಯಲಿಲ್ಲ, ಸಂವಾದ ಬರೆದರು. ಅಲ್ಲಿ ಬರುವ ಯಾರೂ ಪ್ರಶ್ನೆ ಎದುರಿಸದೆ ಒಳಗೆ ಹೋಗುವುದಿಲ್ಲ. ಅಕ್ಕಮಹಾದೇವಿಗೂ ವಿನಾಯಿತಿಯಿಲ್ಲ, ಸೊನ್ನಲಿಗೆಯ ಸಿದ್ಧರಾಮನಿಗೂ ಇಲ್ಲ. ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮಪ್ರಭು ಅಕ್ಕನನ್ನು ಕೇಳಿದ್ದು ನಿಮಗೆಲ್ಲ ಗೊತ್ತು.

ಅದಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮುಕ್ತಾಯಕ್ಕನ ಪ್ರಸಂಗ. ಲಕ್ಕುಂಡಿಯ ಅಜಗಣ್ಣ ಅವಳ ಅಣ್ಣ, ಅವಳಿಗೆ ಗುರುವೂ ಅವನೇ. ತನ್ನ ಭಕ್ತಿಯನ್ನು ಯಾರಿಗೂ ತೋರಿಸಿಕೊಳ್ಳದ ಗುಪ್ತಭಕ್ತ. ಬಾಗಿಲ ಮೇಲಿನ ಪಟ್ಟಿಗೆ ತಲೆ ತಗುಲಿದಾಗ ತನ್ನನ್ನು ಮೀರಿ ಬಾಯಿಂದ ಶಿವನ ಹೆಸರು ಹೊರಬಿತ್ತು, ಗುಟ್ಟು ಒಡೆಯಿತು, ಅಲ್ಲಿಗೆ ಅವನು ದೇಹ ಬಿಟ್ಟ ಎಂಬುದು ಕಥೆ. ತಂಗಿ ಅಳುತ್ತಿದ್ದಾಳೆ. ದಾರಿಯಲ್ಲಿ ಹೋಗುತ್ತಿದ್ದ ಅಲ್ಲಮಪ್ರಭು ಆ ಅಳು ಕೇಳಿ ಬರುತ್ತಾರೆ. ಏಕೆ ಅಳುತ್ತೀಯೆ, ಅರಿವುಳ್ಳವನಿಗೆ ಸಾವೆಲ್ಲಿಯದು, ಅವನು ನಿನ್ನಲ್ಲೇ ಇಲ್ಲವೇ ಎಂಬ ದಾರಿಯಲ್ಲಿ ಮಾತು ತೆಗೆಯುತ್ತಾರೆ. ಯಾರೇ ಆದರೂ ಅಲ್ಲಿಗೆ ಕಾಲಿಗೆ ಬೀಳುತ್ತಿದ್ದರು. ಮುಕ್ತಾಯಕ್ಕ ಬೀಳುವುದಿಲ್ಲ. ನೀವು ಹೇಳುತ್ತಿರುವುದು ಅನುಭವದಿಂದಲೋ ಬರಿಯ ಮಾತಿನಿಂದಲೋ ಎಂದು ತಿರುಗಿ ಕೇಳುತ್ತಾಳೆ. ಇನ್ನೂ ಮಾತನ್ನೇ ನೆಚ್ಚಿಕೊಂಡವರು ಬೇರೆಯವರಿಗೆ ದಾರಿ ತೋರಿಸುವುದು ಹೇಗೆ ಎಂಬ ಅರ್ಥದ ಪ್ರಶ್ನೆಯನ್ನು, ವಚನಕಾರರಲ್ಲೆಲ್ಲ ಮಾತಿನ ಮಿತಿಯನ್ನು ಚೆನ್ನಾಗಿ ಬಲ್ಲ ಅಲ್ಲಮನ ಮುಂದೆಯೇ ಇಡುತ್ತಾಳೆ.

ಆ ಘಳಿಗೆ ನೋಡಿ. ಅಣ್ಣನ ಶವ ಇನ್ನೂ ಮುಂದಿದೆ, ಬಂದವರು ದೊಡ್ಡ ಜಂಗಮರು, ಸಾಂತ್ವನ ಹೇಳುತ್ತಿದ್ದಾರೆ. ಸಿಕ್ಕ ಸಾಂತ್ವನವನ್ನು ಕಣ್ಣಿಗೊತ್ತಿಕೊಳ್ಳುವುದು ಎಷ್ಟು ಸುಲಭವಿತ್ತು! ಅವಳಿಗೆ ಸಾಂತ್ವನ ಬೇಕಿರಲಿಲ್ಲ, ನಿಜ ಬೇಕಿತ್ತು. ಅಣ್ಣ ಬದುಕಿ ತೋರಿಸಿದ್ದಕ್ಕಿಂತ ಒಂದು ಗುಲಗಂಜಿ ಕಡಿಮೆಯಾದದ್ದನ್ನೂ ಅವಳು ಒಪ್ಪಲಾರಳು. ಅಲ್ಲಮರೂ ಮುನಿಸಿಕೊಂಡು ಎದ್ದು ಹೋಗುವುದಿಲ್ಲ. ಅವಳು ಕೇಳಿದಷ್ಟು ಸಲವೂ ನಿಂತು ಹೇಳುತ್ತಾರೆ. ಕೊನೆಗೆ ಅವಳ ಮನಸ್ಸು ಒಪ್ಪಿ ನಿಲ್ಲುತ್ತದೆ. ತನ್ನ ವಚನಗಳಿಗೆ ಅಂಕಿತವಾಗಿ ಅವಳು ಇಟ್ಟುಕೊಂಡದ್ದು ಅಣ್ಣನ ಹೆಸರನ್ನೇ. ದುಃಖದಲ್ಲಿರುವವರು ಕೇಳುವ ಪ್ರಶ್ನೆ ದುಃಖದಿಂದ ಹುಟ್ಟಿದ್ದು, ಅದಕ್ಕೆ ತರ್ಕವಿಲ್ಲ ಎಂದು ನಾವು ತಳ್ಳಿಹಾಕುವುದುಂಟು. ಮುಕ್ತಾಯಕ್ಕನ ಮುಂದೆ ನಿಂತರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ನಮ್ಮ ಊರಿನ ಮಠದಲ್ಲಿ ಶ್ರಾವಣ ಮಾಸದ ಸಂಜೆ ಪ್ರವಚನ ನಡೆಯುತ್ತದೆ. ಪ್ರವಚನ ಮುಗಿದ ಮೇಲೆ ಜನ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುತ್ತಾರೆ. ಚೀಟಿಗಳನ್ನು ಒಟ್ಟುಮಾಡಿ ಓದುವ ಕೆಲಸ ಒಂದು ವರ್ಷ ನನ್ನ ಪಾಲಿಗೆ ಬಂದಿತ್ತು. ಶನಿಯ ಕಾಟಕ್ಕೆ ಪರಿಹಾರವೇನು, ಆತ್ಮದ ಗಾತ್ರವೆಷ್ಟು, ಬೇರೆ ಮತದವರಿಗೆ ಮೋಕ್ಷವಿದೆಯೇ, ಹೀಗೆ. ಸ್ವಾಮಿಗಳು ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಹೇಳುವರು. ಒಂದು ದಿನ ಹೆಂಗಸರ ಸಾಲಿನ ಹಿಂದಿನಿಂದ ವಯಸ್ಸಾದ ತಾಯಿಯೊಬ್ಬರು ಚೀಟಿ ಗೀಟಿ ಏನೂ ಇಲ್ಲದೆ ಎದ್ದು ನಿಂತರು. ಸೆರಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

“ಬುದ್ಧೀ, ಮಗ ಗಾಡೀಲಿ ಬರ್ತಿದ್ದ, ಲಾರಿ ಗುದ್ದಿ ಹೋಗ್ಬಿಟ್ಟ. ಅವನು ಹುಟ್ಟಿದಾಗ್ನಿಂದ ಸೋಮವಾರ ಒಪ್ಪತ್ತು ಬಿಟ್ಟೋಳಲ್ಲ ನಾನು. ಶಿವ ಕೇಳಿಸ್ಕೊಂಡ್ನಾ, ಇಲ್ವಾ? ಅಷ್ಟು ಹೇಳಿ ಸಾಕು.”

ಸಭೆಯಲ್ಲಿ ಯಾರೋ ಕೂತ್ಕೊಳಮ್ಮ ಎಂದರು. ಸ್ವಾಮಿಗಳು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಮೈಕನ್ನು ಪಕ್ಕಕ್ಕೆ ಸರಿಸಿದರು. “ತಾಯಿ, ಕರ್ಮ ಅಂತ ಹೇಳಬಹುದು, ಋಣ ತೀರ್ತು ಅಂತ ಹೇಳಬಹುದು, ಪುಸ್ತಕದಲ್ಲಿ ಎಲ್ಲ ಇದೆ. ನಿಮ್ಮ ಮುಂದೆ ಆ ಮಾತು ಹೇಳೋಕೆ ನನ್ನಿಂದ ಆಗೋದಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿಲ್ಲ.”

ಪೀಠದಲ್ಲಿ ಕೂತವರು ಹೀಗೆ ಹೇಳಬಹುದೇ ಎಂದು ಆಮೇಲೆ ಊರಲ್ಲಿ ಮಾತಾಯಿತು. ಭಕ್ತರ ನಂಬಿಕೆ ಅಲ್ಲಾಡುತ್ತದೆ ಎಂದು ಹಿರಿಯರೊಬ್ಬರು ಬೇಸರಪಟ್ಟುಕೊಂಡರು. ನಾನು ಹೇಳಬಲ್ಲದ್ದು ಇಷ್ಟೇ. ಆ ತಾಯಿ ಮಠಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಆ ವರ್ಷ ನಾನು ಓದಿದ ಚೀಟಿಗಳ ಉತ್ತರಗಳಲ್ಲಿ ಒಂದೂ ನನ್ನ ನೆನಪಿನಲ್ಲಿ ಉಳಿದಿಲ್ಲ, ಈ ಒಂದು ಗೊತ್ತಿಲ್ಲ ಎಂಬ ಮಾತು ಉಳಿದಿದೆ. ಸೋಮವಾರ ಸೋಮವಾರ ಹಸಿದುಕೊಂಡು ಬಂದ ಹೆಂಗಸು ಆ ಪ್ರಶ್ನೆ ಕೇಳುವ ಹಕ್ಕನ್ನು ಯಾವ ವಿದ್ವಾಂಸನಿಗಿಂತಲೂ ಹೆಚ್ಚಾಗಿ ಸಂಪಾದಿಸಿದ್ದರು. ಅವರಿಗೆ ಸಿದ್ಧ ಉತ್ತರ ಕೊಟ್ಟಿದ್ದರೆ ಅದು ಆ ಹಸಿವಿಗೆ ಮಾಡಿದ ಅವಮಾನವಾಗುತ್ತಿತ್ತು.

ಪ್ರಶ್ನೆಯನ್ನು ಬೇರೆಯವರಿಗೆ ಕೇಳುವುದು ಒಂದು ಬಗೆ. ತನಗೆ ತಾನೇ ಕೇಳಿಕೊಳ್ಳುವುದು ಅದಕ್ಕಿಂತ ಕಷ್ಟ. ಇದಕ್ಕೆ ಅಬೂ ಹಾಮಿದ್ ಅಲ್ ಘಜಾಲಿಯವರಿಗಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ. 1091ರಲ್ಲಿ ಅವರು ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಮುಖ್ಯ ಗುರುಗಳಾದರು. ಆ ಕಾಲದ ಇಸ್ಲಾಮಿ ಜಗತ್ತಿನಲ್ಲಿ ವಿದ್ವಾಂಸನಿಗೆ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲವೆಂದೇ ಹೇಳಬೇಕು. ಮುನ್ನೂರು ಜನ ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. 1095ರಲ್ಲಿ ಒಂದು ಪ್ರಶ್ನೆ ಅವರನ್ನು ಹಿಡಿಯಿತು. ನಾನು ಪಾಠ ಹೇಳುತ್ತಿರುವುದು ಯಾರಿಗಾಗಿ? ದೇವರಿಗಾಗಿಯೋ, ನನ್ನ ಹೆಸರಿಗಾಗಿಯೋ? ಪ್ರಾಮಾಣಿಕವಾಗಿ ನೋಡಿಕೊಂಡರು. ಹೆಸರಿಗಾಗಿ ಎಂಬ ಉತ್ತರ ಬಂತು.

ಮುಂದೆ ಸುಮಾರು ಆರು ತಿಂಗಳು ಅವರು ಪಟ್ಟ ಪಾಡನ್ನು ತಮ್ಮ ಆತ್ಮಕಥನದಲ್ಲಿ ತಾವೇ ಬರೆದಿದ್ದಾರೆ. ಒಂದು ದಿನ ಹೊರಡಬೇಕೆಂದು ನಿಶ್ಚಯಿಸುವುದು, ಮರುದಿನ ಮನಸ್ಸು ಬದಲಾಯಿಸುವುದು. ಬೆಳಗ್ಗೆ ಇದ್ದ ವೈರಾಗ್ಯ ಸಂಜೆಗೆ ಇಲ್ಲ. ಕೊನೆಗೆ ನಾಲಗೆಯೇ ಕಟ್ಟಿಹೋಯಿತು. ಪಾಠ ಹೇಳಲೆಂದು ಕೂತರೆ ಒಂದು ಮಾತು ಹೊರಡದು. ಅನ್ನ ನೀರು ಇಳಿಯದು. ವೈದ್ಯರು ಇದು ಮನಸ್ಸಿನಿಂದ ಬಂದದ್ದು, ನಮ್ಮ ಔಷಧಕ್ಕೆ ಬಗ್ಗುವುದಿಲ್ಲ ಎಂದು ಕೈಚೆಲ್ಲಿದರು. ಹೆಂಡತಿ ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದದ್ದನ್ನು ದಾನ ಮಾಡಿ, ಮೆಕ್ಕಾ ಯಾತ್ರೆ ಎಂದು ಹೇಳಿ ಊರು ಬಿಟ್ಟು, ಡಮಾಸ್ಕಸ್ ಸೇರಿದರು. ಅಲ್ಲಿಯ ಮಸೀದಿಯ ಮಿನಾರದ ಮೇಲೆ ಹತ್ತಿ ಬಾಗಿಲು ಹಾಕಿಕೊಂಡು ದಿನವಿಡೀ ಧ್ಯಾನದಲ್ಲಿ ಇರುತ್ತಿದ್ದರು. ಅದಕ್ಕೂ ಮೊದಲು, ವಯಸ್ಸಿನಲ್ಲಿ ಚಿಕ್ಕವರಿದ್ದಾಗ, ಕಣ್ಣು ಕಿವಿ ಹೇಳುವುದನ್ನು ನಂಬಬಹುದೇ, ಬುದ್ಧಿ ಹೇಳುವುದನ್ನಾದರೂ ನಂಬಬಹುದೇ ಎಂಬ ಸಂಶಯಗಳಲ್ಲಿ ಅವರು ಮುಳುಗಿ ಎದ್ದಿದ್ದರು. ಆ ತತ್ತ್ವದ ಸಂಶಯಗಳು ಅವರ ನಾಲಗೆ ಕಟ್ಟಲಿಲ್ಲ, ಕೆಲಸ ಬಿಡಿಸಲಿಲ್ಲ. ನೀನು ಇದನ್ನು ಯಾರಿಗಾಗಿ ಮಾಡುತ್ತಿದ್ದೀಯೆ ಎಂಬ ಸಣ್ಣ ಪ್ರಶ್ನೆ ಎಲ್ಲವನ್ನೂ ಬಿಡಿಸಿತು. ಪ್ರವಚನ ಹೇಳುವವರು, ಲೇಖನ ಬರೆಯುವವರು, ಬಾನುಲಿಯಲ್ಲಿ ಮಾತಾಡುವ ನನ್ನಂಥವರು ಆಗಾಗ ಓದಿಕೊಳ್ಳಬೇಕಾದ ಪುಟಗಳು ಅವು.

ಎಲ್ಲ ಪ್ರಶ್ನೆಗೂ ಉತ್ತರ ಹೇಳಲೇಬೇಕೆಂಬ ನಿಯಮವೂ ಇಲ್ಲ. ಬುದ್ಧನ ಬಳಿಗೆ ಮಾಲುಂಕ್ಯಪುತ್ತನೆಂಬ ಭಿಕ್ಷು ಬಂದು ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆಯಿದೆಯೋ ಇಲ್ಲವೋ, ಜೀವ ಶರೀರ ಒಂದೋ ಬೇರೆಯೋ ಎಂದು ಪಟ್ಟಿ ಇಟ್ಟ. ಹೇಳಿದರೆ ಇರುತ್ತೇನೆ, ಹೇಳದಿದ್ದರೆ ಸಂಘ ಬಿಟ್ಟು ಹೋಗುತ್ತೇನೆ ಎಂದ. ಬಾ, ಇವಕ್ಕೆಲ್ಲ ಉತ್ತರ ಹೇಳುತ್ತೇನೆ ಎಂದು ನಾನು ನಿನ್ನನ್ನು ಕರೆದಿದ್ದೆನೇ ಎಂದು ಬುದ್ಧ ಕೇಳಿದ. ಇಲ್ಲ ಎಂದು ಮಾಲುಂಕ್ಯಪುತ್ತ ಒಪ್ಪಿಕೊಳ್ಳಬೇಕಾಯಿತು. ವಿಷದ ಬಾಣ ನೆಟ್ಟವನು ಬಿಟ್ಟವನ ಕುಲ, ಹೆಸರು, ಮೈಬಣ್ಣ, ಬಿಲ್ಲಿನ ಮರ ಯಾವುದೆಂದು ತಿಳಿಯುವವರೆಗೆ ಬಾಣ ಕೀಳಿಸಿಕೊಳ್ಳುವುದಿಲ್ಲ ಎಂದರೆ ಏನಾದೀತು ಎಂಬ ಪ್ರಸಿದ್ಧ ಮಾತು ಬರುವುದು ಇಲ್ಲಿಯೇ.

ಅದೇ ಬುದ್ಧ ಕೇಸಪುತ್ತ ಎಂಬ ಊರಿನ ಕಾಲಾಮರ ಜೊತೆ ಬೇರೆ ರೀತಿ ನಡೆದುಕೊಂಡ. ಬಂದ ಗುರುಗಳೆಲ್ಲ ತಮ್ಮದನ್ನು ಹೊಗಳಿ ಇತರರದನ್ನು ತೆಗಳುತ್ತಾರೆ, ಯಾರನ್ನು ನಂಬುವುದೆಂದು ತಿಳಿಯದಾಗಿದೆ ಎಂದು ಅವರು ಹೇಳಿಕೊಂಡರು. ನಿಮಗೆ ಸಂಶಯ ಬಂದದ್ದು ಸರಿಯಾಗಿಯೇ ಇದೆ ಎಂದು ಆತ ಮೊದಲು ಒಪ್ಪಿಕೊಂಡ. ಪರಂಪರೆಯೆಂದಾಗಲಿ, ಗ್ರಂಥವೆಂದಾಗಲಿ, ನಮ್ಮ ಗುರು ಎಂದಾಗಲಿ ಅಷ್ಟರಿಂದಲೇ ಒಪ್ಪಬೇಡಿ ಎಂದ ಮಾತನ್ನು ಈಗ ಎಲ್ಲರೂ ಉದ್ಧರಿಸುತ್ತಾರೆ. ಬರಿಯ ತರ್ಕದ ಬಲದಿಂದಲೂ ಒಪ್ಪಬೇಡಿ ಎಂದದ್ದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಆತ ಅವರನ್ನೇ ಕೇಳುತ್ತ ಹೋದ. ಲೋಭದಿಂದ ಮನುಷ್ಯನಿಗೆ ಒಳಿತೋ ಕೆಡುಕೋ, ದ್ವೇಷದಿಂದ, ಮೋಹದಿಂದ? ಉತ್ತರ ಅವರ ಬಾಯಿಂದಲೇ ಬಂತು. ಅವರಿಗೆ ತಮ್ಮ ಬದುಕಿನಲ್ಲಿ ಆಗಲೇ ಗೊತ್ತಿದ್ದ ಜಾಗದಿಂದ ಮಾತು ಶುರುವಾಯಿತು. ಮಕ್ಕಳು ಧರ್ಮದ ಬಗ್ಗೆ ಕೇಳಿದಾಗ ಮನೆಯಲ್ಲಿ ಈ ಕ್ರಮವನ್ನು ಹಿಡಿದು ನೋಡಿ ಎಂದು ತಂದೆತಾಯಿಗಳಿಗೆ ನಾನು ಬಿನ್ನವಿಸುತ್ತೇನೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಮೊಮ್ಮಗ ಸುಬ್ಬರಾಯನೂ ಅಜ್ಜಿಯೂ ಕೂತು ಮಾತಾಡುವುದು ಹೀಗೆಯೇ. ದೇವರುಗಳ ಬಗ್ಗೆ, ಸನ್ಯಾಸದ ಬಗ್ಗೆ, ಮನುಷ್ಯ ತನ್ನ ಮೇಲೆ ಹೇರಿಕೊಂಡ ಕಟ್ಟಳೆಗಳ ಬಗ್ಗೆ ಅವನು ಕೇಳದ್ದಿಲ್ಲ. ಅಜ್ಜಿ ಒಮ್ಮೆಯೂ ಬಾಯಿ ಮುಚ್ಚು ಎನ್ನುವವಳಲ್ಲ. 1968ರಲ್ಲಿ ಬಂದ ಪುಸ್ತಕ. ಮನೆಯಲ್ಲಿ ಹದಿಹರೆಯದವರಿದ್ದರೆ ಅವರ ಜೊತೆ ಕೂತು ಓದಬಹುದು.

ಕೊನೆಗೆ, ಈ ಮಾತುಗಳನ್ನೆಲ್ಲ ನನಗೆ ಹೊಳೆಯಿಸಿದ ಪುಟ್ಟ ಗ್ರಂಥಕ್ಕೆ ಬರುತ್ತೇನೆ. ಅಥರ್ವವೇದಕ್ಕೆ ಸೇರಿದ ಪ್ರಶ್ನೋಪನಿಷತ್ತು. ಸುಕೇಶ, ಸತ್ಯಕಾಮ, ಗಾರ್ಗ್ಯ, ಕೌಸಲ್ಯ, ಭಾರ್ಗವ, ಕಬಂಧಿ ಎಂಬ ಆರು ಜನ ಪಿಪ್ಪಲಾದ ಋಷಿಗಳ ಬಳಿ ಬರುತ್ತಾರೆ. ಕೈಯಲ್ಲಿ ಸಮಿತ್ತು, ಗುರುವಿನ ಮನೆಯ ಅಗ್ನಿಗೆ ಹಾಕುವ ಕಟ್ಟಿಗೆ. ಇವರು ಏನೂ ತಿಳಿಯದ ಹುಡುಗರಲ್ಲ, ಆಗಲೇ ಬ್ರಹ್ಮನಿಷ್ಠರೆಂದು ಹೆಸರಾದವರು. ಪಿಪ್ಪಲಾದರು ಏನು ಬೇಕಿತ್ತೆಂದು ಕೇಳುವುದಿಲ್ಲ. ಇನ್ನೂ ಒಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಯಿಂದ ಇಲ್ಲಿರಿ. ಆಮೇಲೆ ಇಷ್ಟ ಬಂದದ್ದು ಕೇಳಿ. ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುತ್ತೇವೆ. ಇಷ್ಟೇ ಅವರು ಹೇಳುವುದು.

ಒಂದು ವರ್ಷ! ಒಂದು ವರ್ಷ ಕಟ್ಟಿಗೆ ಒಡೆದು ನೀರು ಹೊತ್ತ ಮೇಲೂ ಉಳಿಯುವ ಪ್ರಶ್ನೆ ಮಾತ್ರ ನಿಜವಾಗಿ ನಮ್ಮದು. ಬಾಯಿ ಚಪಲದ ಪ್ರಶ್ನೆಗಳು ಮೊದಲ ತಿಂಗಳಿಗೇ ಉದುರಿಹೋಗುತ್ತವೆ. ಇನ್ನು ಗುರುವಿನ ಮಾತು ನೋಡಿ, ತಿಳಿದಿದ್ದರೆ ಹೇಳುತ್ತೇವೆ. ವರ್ಷವಿಡೀ ದುಡಿಸಿಕೊಂಡ ಮೇಲೂ ಉತ್ತರ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಅವರು ಕೊಡಲಿಲ್ಲ. ಆ ಆರು ಜನ ಅದಕ್ಕೂ ಒಪ್ಪಿ ನಿಂತರು.

ವರ್ಷ ತುಂಬಿದ ಮೇಲೆ ಒಬ್ಬೊಬ್ಬರೇ ಕೇಳುತ್ತಾರೆ. ಈ ಜೀವಿಗಳೆಲ್ಲ ಎಲ್ಲಿಂದ ಹುಟ್ಟಿದವು, ದೇಹವನ್ನು ಹಿಡಿದು ನಿಲ್ಲಿಸುವ ಶಕ್ತಿಗಳು ಎಷ್ಟು, ಪ್ರಾಣ ಎಲ್ಲಿಂದ ಬಂತು, ನಿದ್ದೆಯಲ್ಲಿ ಮಲಗುವುದು ಯಾವುದು ಎಚ್ಚರವಿರುವುದು ಯಾವುದು, ಓಂಕಾರವನ್ನು ಸಾಯುವವರೆಗೆ ಧ್ಯಾನಿಸಿದವನು ಯಾವ ಲೋಕ ಗೆಲ್ಲುತ್ತಾನೆ. ಮೂರನೆಯವನಾದ ಕೌಸಲ್ಯನಿಗೆ ಪಿಪ್ಪಲಾದರು, ನೀನು ಮಿತಿಮೀರಿದ ಪ್ರಶ್ನೆ ಕೇಳುತ್ತಿದ್ದೀಯೆ ಎನ್ನುತ್ತಾರೆ. ಗಾರ್ಗಿ ಕೇಳಿಸಿಕೊಂಡದ್ದೂ ಇದೇ ಮಾತು. ಆದರೆ ಇಲ್ಲಿ ತಲೆ ಬೀಳುವ ಮಾತಿಲ್ಲ. ನೀನು ಬ್ರಹ್ಮನಿಷ್ಠ, ಆದ್ದರಿಂದ ಹೇಳುತ್ತೇನೆ ಎಂದು ಮುಂದುವರಿಯುತ್ತಾರೆ. ಜನಕನ ಸಭೆಯಲ್ಲಿ ಚಿನ್ನ ಕಟ್ಟಿದ ಹಸುಗಳು ನಿಂತಿದ್ದವು, ಪಿಪ್ಪಲಾದರ ಆಶ್ರಮದಲ್ಲಿ ಗೆಲ್ಲುವುದಕ್ಕೆ ಏನೂ ಇರಲಿಲ್ಲ. ವ್ಯತ್ಯಾಸ ಬಂದದ್ದು ಅಲ್ಲಿ ಎಂದು ನನಗೆ ತೋರುತ್ತದೆ.

ಕಡೆಗೆ ಉಳಿದವನು ಭರದ್ವಾಜ ಗೋತ್ರದ ಸುಕೇಶ. ಅವನು ತನ್ನ ಪ್ರಶ್ನೆ ಕೇಳುವುದಿಲ್ಲ. ಒಂದು ಘಟನೆ ಹೇಳುತ್ತಾನೆ. ಕೋಸಲದ ರಾಜಕುಮಾರ ಹಿರಣ್ಯನಾಭ ನನ್ನಲ್ಲಿಗೆ ಬಂದಿದ್ದ. ಹದಿನಾರು ಕಲೆಗಳುಳ್ಳ ಪುರುಷನನ್ನು ಬಲ್ಲೆಯಾ ಎಂದು ಕೇಳಿದ. ನನಗೆ ತಿಳಿಯದು ಎಂದೆ. ತಿಳಿದಿದ್ದರೆ ಹೇಳದೆ ಇರುತ್ತಿದ್ದೆನೇ ಎಂದೆ. ಸುಳ್ಳಾಡುವವನು ಬೇರುಸಹಿತ ಒಣಗಿಹೋಗುತ್ತಾನೆ, ನಾನು ಸುಳ್ಳು ಹೇಳಲಾರೆ. ರಾಜಕುಮಾರ ಏನೂ ಮಾತಾಡದೆ ರಥ ಹತ್ತಿ ಹೊರಟುಹೋದ. ಆ ಪುರುಷ ಎಲ್ಲಿದ್ದಾನೆ ಎಂದು ಈಗ ನಾನು ನಿಮ್ಮನ್ನು ಕೇಳುತ್ತೇನೆ.

ಸುಕೇಶನಿಗೆ ಆ ದಿನ ಏನಾದರೂ ಒಂದು ಹೇಳಿಬಿಡಬಹುದಿತ್ತು. ಬಂದವನು ರಾಜಕುಮಾರ. ಮೆಚ್ಚಿದ್ದರೆ ಹಸು ಹೊನ್ನು ಬರುತ್ತಿತ್ತು, ಕೋಸಲದಲ್ಲಿ ಹೆಸರಾಗುತ್ತಿತ್ತು. ಹೇಳಿದ್ದು ಸರಿಯೋ ತಪ್ಪೋ ಎಂದು ತೂಗಿ ನೋಡಲು ಆ ಹುಡುಗನಿಗೆ ಬೇರೆ ದಾರಿಯೂ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಅವನನ್ನು ಬರಿಗೈಯಲ್ಲಿ ಕಳಿಸಿದ. ಅಲ್ಲಿಗೆ ಕೈತೊಳೆದುಕೊಳ್ಳಲೂ ಇಲ್ಲ. ಆ ಪ್ರಶ್ನೆಯನ್ನು ತನ್ನದನ್ನಾಗಿ ಮಾಡಿಕೊಂಡು, ಸಮಿತ್ತು ಹಿಡಿದು, ತನಗಿಂತ ಬಲ್ಲವರ ಮನೆಯಲ್ಲಿ ವರ್ಷ ಕಾದು, ಐವರು ಕೇಳಿ ಮುಗಿಸುವವರೆಗೂ ಸುಮ್ಮನಿದ್ದು, ಕಟ್ಟಕಡೆಗೆ ಕೇಳಿದ. ಆ ಪುರುಷ ಇಲ್ಲೇ, ಈ ಶರೀರದ ಒಳಗೇ ಇದ್ದಾನೆ ಎಂದು ಪಿಪ್ಪಲಾದರು ಉತ್ತರ ಹೇಳಿದರು. ಹೇಳಿ ಮುಗಿಸಿ ಆರೂ ಜನರಿಗೆ, ಆ ಪರಬ್ರಹ್ಮವನ್ನು ಕುರಿತು ನನಗೆ ತಿಳಿದಿರುವುದು ಇಷ್ಟೇ ಎಂದರು. ನೀವೇ ನಮ್ಮ ತಂದೆ, ಅಜ್ಞಾನದ ಆಚೆಯ ದಡಕ್ಕೆ ದಾಟಿಸಿದಿರಿ ಎಂದು ಶಿಷ್ಯರು ಅವರನ್ನು ಪೂಜಿಸಿದರು. ಉಪನಿಷತ್ತು ಅಲ್ಲಿಗೆ ನಿಲ್ಲುತ್ತದೆ.

ಹಿರಣ್ಯನಾಭನ ಕಥೆ ಮುಂದೇನಾಯಿತೆಂದು ಅಲ್ಲಿ ಹೇಳಿಲ್ಲ. ಸುಕೇಶ ಆಶ್ರಮದಿಂದ ನೇರವಾಗಿ ಕೋಸಲಕ್ಕೆ ನಡೆದಿರಬೇಕು ಎಂದೇ ನಾನು ನಂಬಿದ್ದೇನೆ. ತಿಳಿದಿದ್ದರೆ ಹೇಳದೆ ಇರುತ್ತಿದ್ದೆನೇ ಎಂದು ಆ ಹುಡುಗನ ಮುಖ ನೋಡಿ ಹೇಳಿದವನು ಅವನು. ಈಗ ಅವನಿಗೆ ತಿಳಿದಿತ್ತು.